ಟ್ಯಾಂಕಿಗೆ ಮೂಗಿನ ಸರ್ಟಿಫಿಕೇಟು

ಬೋರ್ಡು ಬರೆಯುವ ಪೇಂಟರನಿಗೆ ಅಂದು ಬೆಳಗಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಸಂಜೆ ಐದಕ್ಕೆ ಗುಜರಿಯವನು ಬರುತ್ತಾನೆ. ಕರೆಸಿದವಳು ಸ್ವಂತ ಹೆಂಡತಿ. ಒಯ್ಯಬೇಕಾದ್ದು ಅವನ ಮೋಟಾರ್‌ಸೈಕಲ್ಲು!

ಹೆಂಡತಿಯ ಮಾತಿನಲ್ಲಿ ನ್ಯಾಯವೂ ಇತ್ತು (ದೊಡ್ಡ ತೊಂದರೆ ಅದೇ). ಅವಳು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಕಿಟಕಿಯಾಚೆ ನಿಂತ ಗಾಡಿಯ ಟ್ಯಾಂಕು ತಳದಲ್ಲಿ ತೂತಾಗಿ ತೊಟ್ಟಿಕ್ಕುತ್ತಿತ್ತು. ಹೊಸ ಬಟ್ಟೆಗೆ ಪೆಟ್ರೋಲ್ ವಾಸನೆ ಎಂದು ಮೂವರು ಗಿರಾಕಿಗಳು ಆಗಲೇ ಮೂಗು ಮುರಿದು ಹೋಗಿದ್ದರು.

"ಐದರೊಳಗೆ ತೂತು ಮುಚ್ಚಿಸಿದ್ರೆ ಗಾಡಿ ಇರಲಿ. ಇಲ್ಲಾಂದ್ರೆ ಗುಜರಿಗೆ. ಇನ್ನು ನನ್ನ ಕೈಲಾಗಲ್ಲ ರೀ."

ಆ ಗಾಡಿಗೆ ಏಣಿ ಕಟ್ಟಿ, ಬಣ್ಣದ ಡಬ್ಬಿ ತೂಗುಹಾಕಿ ಇಪ್ಪತ್ತೆರಡು ವರ್ಷ ಊರು ಸುತ್ತಿದವನು ಅವನು. ಅದನ್ನು ಗುಜರಿಗೆ ಕೊಡುವುದೇ? ವೆಲ್ಡರ್ ಬಳಿಗೆ ಓಡಿದ.

"ಅಣ್ಣಾ, ನಾನು ಬೆಂಕಿ ಹಿಡಿಯೋನು," ಎಂದ ವೆಲ್ಡರ್. "ಒಳಗೆ ಚೂರು ಆವಿ ಉಳಿದ್ರೂ ಟ್ಯಾಂಕು ಒಂದು ಕಡೆ, ನಾನೊಂದು ಕಡೆ. ಖಾಲಿ ಮಾಡಿ, ಚೆನ್ನಾಗಿ ತೊಳೆದು ತನ್ನಿ. ನಾನು ಮೂಸಿ ನೋಡಿಯೇ ಮುಟ್ಟೋದು."

ಪೇಂಟರ್ ಹಿತ್ತಲಲ್ಲಿ ಟ್ಯಾಂಕು ಕಳಚಿದ. ಪೆಟ್ರೋಲನ್ನು ಮುಚ್ಚಳದ ಕ್ಯಾನಿಗೆ ಬಸಿದ. ಸೋಪಿನ ನೀರು ತುಂಬಿಸಿ, ಟ್ಯಾಂಕನ್ನು ತಲೆಯ ಮೇಲೆತ್ತಿ ವೀರಾವೇಶದಿಂದ ಕುಲುಕಿದ. ತೂತಿನಿಂದ ಸೋರಿದ್ದು ತೋಳಿನಗುಂಟ ಎದೆಗೆ, ಎದೆಯಿಂದ ಪ್ಯಾಂಟಿಗೆ ಇಳಿಯಿತು. ಅಂಥ ಸಣ್ಣಪುಟ್ಟದ್ದನ್ನು ಅವನು ಗಮನಿಸಲಿಲ್ಲ. ಮೂಸಿದ. ಏನೂ ಇಲ್ಲ! ಹೊತ್ತುಕೊಂಡು ಓಡಿದ.

ವೆಲ್ಡರ್ ಹತ್ತು ಮಾರು ದೂರದಿಂದಲೇ ಕೈ ಅಡ್ಡ ಹಿಡಿದ. "ಅಣ್ಣಾ, ಮನೇಲಿ ಮೂಗು ಸರಿ ಇರೋರು ಯಾರಾದ್ರೂ ಇದ್ರೆ ಅವರಿಗೆ ತೋರಿಸಿ ತನ್ನಿ."

ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ಕುಡಿದು ಕುಡಿದು (ಮೂಗಿನಿಂದ, ಬಾಯಿಂದಲ್ಲ) ಪೇಂಟರನ ಮೂಗು ಮುಖದ ಶೋಭೆಗಷ್ಟೇ ಉಳಿದಿತ್ತು. ಮನೆಯಲ್ಲಿ ಮೂಗು ಎಂದರೆ ಒಂದೇ. ಮೂರನೆಯ ಮನೆಯಲ್ಲಿ ಹಾಲು ಉಕ್ಕಿದರೆ ಇಲ್ಲಿ ಕೂತು ಹೇಳುವ ಹೆಂಡತಿಯ ಮೂಗು. ಗಾಡಿ ತೊಲಗಲಿ ಎನ್ನುವವಳೇ ಗಾಡಿಗೆ ನ್ಯಾಯಾಧೀಶೆ!

ಎರಡನೇ ಸಲ ತೊಳೆದು ಅವಳ ಮೂಗಿನ ಬಳಿ ಹಿಡಿದ.

"ಇದೆ ರೀ," ಎಂದಳು, ಹೊಲಿಗೆಯಿಂದ ಕಣ್ಣೆತ್ತದೆ.

ಮೂರನೇ ಸಲ. "ಇದೆ."

ನಾಲ್ಕನೇ ಸಲ. "ಗಮ್ಮಂತ ಇದೆ."

"ಕಾಫಿಯಾದ್ರೂ ಕೊಡೇ!"

"ಈ ವಾಸನೆ ಹೋಗೋ ತನಕ ಒಲೆ ಹಚ್ಚಲ್ಲ."

ಐದನೇ ಸಲವಾಯಿತು, ಆರನೇ ಸಲವಾಯಿತು, ಏಳನೇ ಸಲವೂ ಮುಗಿಯಿತು. ಕಾಫಿಯಿಲ್ಲದ ಹೊಟ್ಟೆ, ಗಡಿಯಾರದ ಮುಳ್ಳು, ಅವಳ 'ಇದೆ'. ಹಿತ್ತಲಿಗೂ ಕೋಣೆಗೂ ಶತಪಥ ತಿರುಗುತ್ತಿದ್ದವನಿಗೆ ಥಟ್ಟನೆ ಅನುಮಾನ ಬಂತು. ಬೇಕೆಂದೇ ಸುಳ್ಳು ಹೇಳುತ್ತಿದ್ದಾಳೆ! ಐದು ಗಂಟೆ ಹೊಡೆಯುವ ತನಕ ಹೀಗೇ ಆಟ ಆಡಿಸುತ್ತಾಳೆ!

"ಕಣ್ಣು ಮುಚ್ಚಿಕೋ. ಈ ಸಲ ಸರಿಯಾಗಿ ಮೂಸು," ಎಂದು, ಟ್ಯಾಂಕಿನ ಬದಲು ನೀರು ಕುಡಿಯುವ ಜಗ್ಗನ್ನು ಹಿಡಿದ.

"ಅಯ್ಯೋ, ಮೊದಲಿಗಿಂತ ಜಾಸ್ತಿ ಇದೆ!"

"ಸಿಕ್ಕಿಬಿದ್ದೆ!" ಪೇಂಟರ್ ಕುಣಿದೇಬಿಟ್ಟ. "ಕಣ್ಣು ಬಿಟ್ಟು ನೋಡು! ಇದು ಜಗ್ಗು ಕಣೇ, ಜಗ್ಗು! ಇದಕ್ಕೂ ಪೆಟ್ರೋಲ್ ಹಾಕ್ತೀಯಾ?"

ಅವಳು ಜಗ್ಗು ನೋಡಿದಳು, ಗಂಡನನ್ನು ನೋಡಿದಳು. ಎದ್ದು ಬಂದು ಅವನ ತೋಳು, ಎದೆ, ಬೆನ್ನು ಮೂಸಿದಳು. ಆಮೇಲೆ ಒಬ್ಬಳೇ ಹಿತ್ತಲಿಗೆ ಹೋಗಿ ಟ್ಯಾಂಕಿನ ಬಾಯಿಗೆ ಮೂಗಿಟ್ಟಳು.

"ರೀ, ಟ್ಯಾಂಕು ಚೊಕ್ಕವಾಗಿದೆ. ಯಾವಾಗಲೋ ಚೊಕ್ಕವಾಗಿತ್ತು ಅನ್ಸುತ್ತೆ. ಇಷ್ಟು ಹೊತ್ತೂ ನಾನು ಮೂಸ್ತಾ ಇದ್ದದ್ದು ನಿಮ್ಮನ್ನ!"

ಗಂಟೆ ನಾಲ್ಕೂವರೆ. ಸ್ನಾನಕ್ಕೆ ಹೊತ್ತಿರಲಿಲ್ಲ. ಟ್ಯಾಂಕನ್ನು ಅವಳೇ ಸೊಂಟಕ್ಕೇರಿಸಿಕೊಂಡು ಹೊರಟಳು. ಹತ್ತು ಹೆಜ್ಜೆ ಹಿಂದೆ (ಆಜ್ಞೆಯ ಪ್ರಕಾರ) ಪೇಂಟರ್ ನಡೆದ.

ವೆಲ್ಡರ್ ಮೂಸಿದ, ಒಣಗಿದೆಯೇ ಎಂದು ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದ. "ಭೇಷ್ ಅಕ್ಕಾ! ಹೊಸದರ ಹಾಗಿದೆ. ಅರ್ಧ ಗಂಟೆ ಕೆಲಸ." ಅಷ್ಟರಲ್ಲಿ ಗಾಳಿ ಬೀಸಿತು. ಅವನು ಮೂಗರಳಿಸಿ, ತಲೆಯೆತ್ತಿ ಕಿರುಚಿದ: "ಅಣ್ಣಾ! ಅಲ್ಲೇ ನಿಲ್ಲಿ! ರಸ್ತೆ ದಾಟಬೇಡಿ! ನೀವು ಹತ್ರ ಇದ್ರೆ ನಾನು ಬೆಂಕಿ ಹಚ್ಚಲ್ಲ!"

ಹೀಗೆ ಗಾಡಿಯನ್ನು ಉಳಿಸಿದ ಮಹಾಪುರುಷನು ರಸ್ತೆಯ ಆಚೆ ಬದಿ ಒಬ್ಬನೇ ನಿಂತ. ಆ ಹೊತ್ತಿಗೇ ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದ.

"ಅಣ್ಣಾ, ನಿಮ್ಮ ಮನೆಗೇ ಹೊರಟಿದ್ದೆ. ಏನೋ ಹಳೇದು, ಪೆಟ್ರೋಲ್ ವಾಸನೆ ಹೊಡೆಯೋದು, ಮನೆಗೆ ಬೇಡವಾದ್ದು ಒಂದಿದೆಯಂತೆ?"

ಪೇಂಟರ್ ಬಾಯಿ ತೆರೆಯುವ ಮೊದಲೇ ಹೆಂಡತಿ ಆಚೆಯಿಂದ ಕೂಗಿದಳು.

"ಸ್ವಲ್ಪ ತಾಳಪ್ಪಾ! ಟ್ಯಾಂಕು ಸರಿಹೋಗ್ತಾ ಇದೆ, ಗಾಡಿ ಕೊಡಲ್ಲ. ನಿನ್ನ ಪಕ್ಕದಲ್ಲಿ ನಿಂತಿದೆಯಲ್ಲ, ಅದನ್ನ ಒಂದೇಳು ಸಲ ತೊಳೆದು ನೋಡಿ ಹೇಳ್ತೀನಿ!"

ಗುಜರಿಯವನು ಪೇಂಟರನನ್ನು ಮೇಲಿಂದ ಕೆಳಗೆ ನೋಡಿ, ಒಮ್ಮೆ ಮೂಸಿ, ಬಾಯಲ್ಲಿದ್ದ ಸಿಗರೇಟನ್ನು ಹಚ್ಚದೆಯೇ ಜೇಬಿಗೆ ಹಾಕಿಕೊಂಡ. "ಬೇಡಕ್ಕಾ, ಅವಸರ ಇಲ್ಲ," ಎನ್ನುತ್ತ ಕೈಗಾಡಿಯನ್ನು ಬಂದ ದಾರಿಯಲ್ಲೇ ತಿರುಗಿಸಿದ.