ಬಸುರಿಯನ್ನು ಬಾಗಿಲಲ್ಲೇ ನಿಲ್ಲಿಸಿದ ಪುಸ್ತಕದ ಕುರಿತು ಮಾಸುಂಬಿಯವರಿಗೆ

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೊಬೈಲ್ ಅಂಗಡಿಗಳ ನಡುವೆ ಪುಸ್ತಕದ ಅಂಗಡಿ ನಡೆಸುವ ಧೈರ್ಯ ಮಾಡಿರುವ ಸಕಲ ಸಿಬ್ಬಂದಿಯವರಿಗೆ, ಅದರಲ್ಲೂ ದಿನವೂ ಮಸ್ಕಿಯಿಂದ ಬಸ್ಸಿಗೆ ಬಂದು ಪುಸ್ತಕಗಳ ಮೇಲೆ ಸ್ವಹಸ್ತದ ಶಿಫಾರಸು ಚೀಟಿ ಅಂಟಿಸುವ ಸೋದರಿ ಮಾಸುಂಬಿಯವರಿಗೆ,

ಮಾನ್ಯರೇ,

ವಳಕಮದಿನ್ನಿಯ ಬಸವಣ್ಣನ ಗುಡಿಯಲ್ಲಿ ಪ್ರತಿ ಶ್ರಾವಣಕ್ಕೆ ಪುರಾಣ ಓದುವ ಶಿವಶರಣಪ್ಪನ ಅನಂತ ಶರಣಾರ್ಥಿಗಳು. ಕಾಲುವೆಗೆ ನೀರು ಬಂದಿದೆ, ನಾಟಿ ನಡೆದಿದೆ, ನನ್ನ ಗಂಟಲೊಂದು ಬಿಟ್ಟು ಇಲ್ಲಿ ಎಲ್ಲವೂ ಕ್ಷೇಮ. ತಮ್ಮ ಅಂಗಡಿಯೂ ಹಾಗೆಯೇ ಇರಲೆಂದು ಮನಸಾರೆ ಹಾರೈಸಿ, ಇನ್ನು ಜಗಳಕ್ಕೆ ಬರುತ್ತೇನೆ.

ನನ್ನ ಓದಿಗೆ ಒಂದು ಗುಣವಿತ್ತೆಂಬುದನ್ನು ಊರೇ ಒಪ್ಪುತ್ತದೆ. ಹಗಲೆಲ್ಲ ಕೆಸರಿನಲ್ಲಿ ಬಗ್ಗಿ ಸಸಿ ನೆಟ್ಟು ಬಂದವರು ನನ್ನ ಮೊದಲ ಸಂಧಿ ಮುಗಿಯುವಷ್ಟರಲ್ಲಿ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದರು, ಮಂಗಳಾರತಿಯ ಗಂಟೆಗೆ ಎದ್ದು "ಭಾಳ ಚಲೋ ಓದಿದಿ ನೋಡಪಾ" ಎನ್ನುತ್ತಿದ್ದರು. ಈಚೆಗೆ ಆ ಗೊರಕೆಯೂ ಕಡಿಮೆಯಾಗಿ, ಜನ ಮನೆಯಲ್ಲೇ ಕೂತು ಮೊಬೈಲು ತಿಕ್ಕತೊಡಗಿದ್ದರಿಂದ, ಪುರಾಣದ ನಂತರ ಓದಲು ಹೊಸದೇನಾದರೂ ಕೊಡಿರೆಂದು ಈ ವರ್ಷ ತಮ್ಮ ಅಂಗಡಿಯ ಮೆಟ್ಟಿಲು ಹತ್ತಿದೆ. ಎಂಥ ಗಳಿಗೆಯಲ್ಲಿ ಹತ್ತಿದೆನೋ, ಆ ಬಸವಣ್ಣನಿಗೇ ಗೊತ್ತು.

ಮಾಸುಂಬಿಯವರು ನನ್ನ ವಿಭೂತಿಯನ್ನೊಮ್ಮೆ, ಕಪಾಟನ್ನೊಮ್ಮೆ ನೋಡಿ, ಒಂದು ಪತ್ತೇದಾರಿ ಕಾದಂಬರಿಯನ್ನು ಕೈಗಿಟ್ಟರು. "ಓದಲು ಕೂತವರು ಏಳುವುದಿಲ್ಲ. ನಿದ್ದೆಯ ಆಸೆ ಬಿಡಿ. ಕೊಲೆಗಾರ ಯಾರೆಂದು ಯಾರಿಗೂ ಹೇಳಬೇಡಿ" ಎಂದು ಅದರ ಮೇಲಿನ ಚೀಟಿಯಲ್ಲಿತ್ತು. ಅಂಗಡಿಯವರು ತಮ್ಮ ಸರಕನ್ನು ಹೊಗಳುವುದು ಲೋಕರೂಢಿ. ಮುದಗಲ್ಲಿನ ಸಂತೆಯಲ್ಲಿ ಹುಳುಕು ಬದನೆಕಾಯಿಯನ್ನೂ ಬೆಣ್ಣೆಯಂಥದ್ದು ಎಂದೇ ಮಾರುತ್ತಾರೆ. ಬರೆದದ್ದು ಬರೆದಂತೆಯೇ ನಿಜವಾಗುವ ಸರಕನ್ನು ಮಾರುವವರು ಈ ಸೀಮೆಯಲ್ಲಿ ಇದ್ದಾರೆಂದು ನನಗೇನು ಗೊತ್ತು?

ಚೀಟಿಯ ಕೊನೆಯ ಮಾತನ್ನು ನಾನು ಪಾಲಿಸಲಿಲ್ಲವೆಂಬುದು ನಿಜ. ಮೊದಲ ದಿನವೇ ಪೀಠಿಕೆಯಲ್ಲಿ ಇಡೀ ಕಥೆ ಹೇಳಿಬಿಡುವುದು ಪುರಾಣದವರ ಪದ್ಧತಿ. ಅಂತೆಯೇ, ತನ್ನ ತಂಗಿ ಕಮಲಳ ಗಂಡನನ್ನು ಬಾವಿಗೆ ನೂಕಿಸಿದ ಸಾಹುಕಾರನನ್ನು ಗಡಿಯಾರ ರಿಪೇರಿಯ ಗೋವಿಂದನು ಕೊಲ್ಲುತ್ತಾನೆ, ಕಡೆಗೆ ಸಿಕ್ಕಿಬೀಳುತ್ತಾನೆ ಎಂದು ಹೇಳಿಯೇ ಪುಟ ತೆರೆದೆ. ಗುಟ್ಟು ರಟ್ಟಾದ ಮೇಲೆ ಯಾರು ಬರುತ್ತಾರೆಂದು ತಾವು ನಗಬಹುದು. ಮಾರನೆಯ ದಿನ ಗುಡಿ ತುಂಬಿತು, ಅದರ ಮಾರನೆಯ ದಿನ ಮುಕ್ಕುಂದದಿಂದ ಟ್ರಾಲಿ ಕಟ್ಟಿಕೊಂಡು ಬಂದರು. ಕೊಲೆಗಾರನನ್ನು ಹುಡುಕುವ ತ್ರಾಸು ತಪ್ಪಿದ್ದರಿಂದ ಎಲ್ಲರೂ ಅವನ ಮೇಲೆ ಅಂತಃಕರಣ ಇಡತೊಡಗಿದರು. ಪೊಲೀಸರು ಅವನ ಅಂಗಡಿಯ ಮುಂದೆ ಸುಳಿದಾಗಲೆಲ್ಲ ಹಿಂದಿನ ಸಾಲಿನಿಂದ "ಏ ಗೋವಿಂದಾ, ಹಿತ್ತಲ ಬಾಗ್ಲಾಗಿಂದ ಹೋಗಲೇ" ಎಂದು ಕೂಗುವವರೂ ಇದ್ದರು.

ಇಷ್ಟಕ್ಕೇ ನಿಂತಿದ್ದರೆ ತಮಗೆ ಹಾರ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಕಥೆಯ ನಡುವೆ ಕಮಲ ಬಸುರಿಯೆಂದು ಗೊತ್ತಾಯಿತು. ಪುರಾಣದಲ್ಲಿ ಮದುವೆ ಬಂದರೆ ಅಕ್ಕಿಕಾಳು ಹಾಕುವ, ಕೂಸು ಹುಟ್ಟಿದರೆ ತೊಟ್ಟಿಲು ಕಟ್ಟುವ ಊರು ನಮ್ಮದು. ಬಸುರಿ ಬಂದಳೆಂದರೆ ಬಿಡುತ್ತದೆಯೇ? ಬರೀ ಗಂಡುಮಕ್ಕಳನ್ನೇ ಹಡೆದು, ಮಗಳಿಗೊಂದು ಸೀಮಂತದ ಕುಬುಸ ಮಾಡುವ ಆಸೆಯನ್ನು ಮುದುಕಿಯಾಗುವವರೆಗೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ ವೀರಭದ್ರಮ್ಮನವರು ಹಸಿರು ಖಣ, ಹಸಿರು ಬಳೆ ತಂದು, ತಮ್ಮ ಅಂಗಡಿಯ ಪುಸ್ತಕಕ್ಕೇ ಉಡಿ ತುಂಬಿದರು. ಹೆಣ್ಣುಮಕ್ಕಳು ಹಾಡು ಹೇಳಿದರು, ಊರೆಲ್ಲ ಹೋಳಿಗೆ ಉಂಡಿತು. ಹೋಳಿಗೆ ಚಲೋ ಇತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ.

ಮೊನ್ನೆ ಕೊನೆಯ ಅಧ್ಯಾಯ ಓದಿದೆ. ಗೋವಿಂದ ಜೀಪು ಹತ್ತಿದ, ದಿನ ತುಂಬಿದ ಕಮಲ ಬಾಗಿಲಲ್ಲಿ ನಿಂತು ನೋಡಿದಳು, ಪುಸ್ತಕ ಮುಗಿಯಿತು. ನಾನು ಹಾರ್ಮೋನಿಯಂ ಎಳೆದುಕೊಂಡು ಮಂಗಳ ಹಾಡಲು ಬಾಯಿ ತೆರೆದೆನೋ ಇಲ್ಲವೋ, ವೀರಭದ್ರಮ್ಮನವರು ಎದ್ದು ನಿಂತರು. "ಏನಪಾ ಶಿವಶರಣಪ್ಪ, ಅಣ್ಣನ್ನ ಪೊಲೀಸರು ಒಯ್ದಾರ, ಗಂಡ ಮಣ್ಣಾಗ ಹೋಗ್ಯಾನ. ದಿನ ತುಂಬಿದ ಹುಡುಗೀನ ಬಾಗ್ಲಾಗ ನಿಲ್ಲಿಸಿ ಮಂಗಳ ಹಾಡ್ತೀಯೇನು? ನಾವು ಕುಬುಸ ಮಾಡೀವಿ. ಬಾಣಂತನ ಯಾರು ಮಾಡ್ಬೇಕು?" ಎಂದರು. ಕೊಲೆಗಾರನ ಗಡಿಬಿಡಿಯಲ್ಲಿ ಆ ಹುಡುಗಿಯನ್ನು ನಾನು ಮರೆತೇಬಿಟ್ಟಿದ್ದೆ, ಮಾನ್ಯರೇ. ನಾಚಿಕೆಯಾಯಿತು, ಅಳುವೂ ಬಂತು.

ಮುಂದಿನ ಭಾಗ ಕೇಳಲು ವೀರಭದ್ರಮ್ಮನವರ ಅಪ್ಪಣೆ ಪಡೆದು ನಿನ್ನೆ ತಮ್ಮಲ್ಲಿಗೆ ಬಂದರೆ, ಬರೆದವರು ತೀರಿಹೋಗಿದ್ದಾರೆ, ಮುಂದಿನ ಭಾಗವೇ ಇಲ್ಲ ಎಂದು ಮಾಸುಂಬಿಯವರು ಬಲು ನಮ್ರತೆಯಿಂದ ತಿಳಿಸಿದರು. ಈಗ ಗುಡಿಯಲ್ಲಿ ತೊಟ್ಟಿಲು ಕಟ್ಟಿದೆ. ವೀರಭದ್ರಮ್ಮನವರು ಕಣ್ಣು ಕಾಣದಿದ್ದರೂ ಕೂಸಿಗೆ ಕುಂಚಿಗೆ ಹೊಲಿದಿದ್ದಾರೆ. ಸೋಮವಾರ ಶ್ರಾವಣದ ಕಡೆಯ ದಿನ. ಅಷ್ಟರೊಳಗೆ ಕೂಸು ಹುಟ್ಟದಿದ್ದರೆ ಮಂಗಳವಿಲ್ಲ, ಮಂಗಳವಿಲ್ಲದೆ ಓದುವವನು ಪೀಠದಿಂದ ಏಳುವಂತಿಲ್ಲ. ಓದಲು ಕೂತವರು ಏಳುವುದಿಲ್ಲವೆಂದು ಬರೆದ ಪುಣ್ಯಾತ್ಮರಿಗೆ ನನ್ನ ಮೊಣಕಾಲುಗಳ ಪರವಾಗಿಯೂ ನಮಸ್ಕಾರಗಳು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಸ್ವರ್ಗಸ್ಥ ಲೇಖಕರನ್ನು ಹೇಗಾದರೂ ಸಂಪರ್ಕಿಸಿ ಸೋಮವಾರದೊಳಗೆ ಒಂದು ಹೆರಿಗೆ ಮಾಡಿಸಿಕೊಡಬೇಕು. ಅದು ತಮ್ಮ ಅಂಗಡಿಯ ಕಡೆಯಿಂದ ಸಾಧ್ಯವಿಲ್ಲವಾದರೆ ಊರಿನವರ ತೀರ್ಮಾನಕ್ಕೆ ತಲೆಬಾಗಬೇಕು. ಕೂಸು ಹೆಣ್ಣೆಂದು ವೀರಭದ್ರಮ್ಮನವರು ಆಗಲೇ ಹೇಳಿಬಿಟ್ಟಿದ್ದಾರೆ, ಅದರ ಮೇಲೆ ಯಾರದೂ ಮಾತಿಲ್ಲ. ಉಳಿದದ್ದು ಹೆಸರು. ತೊಟ್ಟಿಲಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಕಮಲಳ ಗಂಡನಿಗೋ ಹಿಂದಿಲ್ಲ ಮುಂದಿಲ್ಲ. ಈ ಹುಡುಗಿಯನ್ನು ನಮ್ಮ ಮನೆಗೆ ಯಾರು ಕಳಿಸಿದರೋ ಅವರೇ ಸೋದರತ್ತೆಯೆಂದು ಗುಡಿಯಲ್ಲಿ ಎಲ್ಲರೂ ಒಪ್ಪಿಯಾಗಿದೆ. ಮಾಸುಂಬಿಯವರು ಸೋಮವಾರ ಸಂಜೆ ಮಸ್ಕಿಯ ಬಸ್ಸು ಬಿಟ್ಟು ನಮ್ಮೂರಿನ ಬಸ್ಸು ಹತ್ತಬೇಕು. ವೀರಭದ್ರಮ್ಮನವರು ಅವರಿಗೂ ಒಂದು ಸೀರೆ ತೆಗೆದಿಟ್ಟಿದ್ದಾರೆ.

ಕೂತಲ್ಲೇ ಕೂತಿರುವ,
ತಮ್ಮ ವಿಶ್ವಾಸಿ
ಶಿವಶರಣಪ್ಪ

ತಾ.ಕ.: ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಕರೆಯುವಾಗ ಸುತ್ತ ನಿಂತ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದುವ ಪದ್ಧತಿ ಮಸ್ಕಿಯಲ್ಲೂ ಇರಬಹುದು. ತಮ್ಮ ಶಿಫಾರಸಿನಿಂದ ಇಡೀ ಶ್ರಾವಣ ನಿದ್ದೆಗೆಟ್ಟ ಹೆಣ್ಣುಮಕ್ಕಳು ಆ ಗಳಿಗೆಗಾಗಿ ಈಗಿನಿಂದಲೇ ಸೆರಗು ಕಟ್ಟಿ ನಿಂತಿದ್ದಾರೆ. ಬರುವಾಗ ದಪ್ಪನೆಯದೇನಾದರೂ ಉಟ್ಟುಕೊಂಡು ಬರಬೇಕೆಂದು, ಇದು ನನ್ನ ಕಡೆಯ ಶಿಫಾರಸು.