ಹೊರಗೆ ಹೋಗದ ಗೆರೆ

ಕೆಲವರಿಗೆ ಸಂಬಂಧಿಕರು ಜಾಸ್ತಿ. ನನಗೆ ಇರುವವರು ಬೆರಳೆಣಿಕೆಯ ಜನ, ಸಂಬಂಧಗಳೇ ಜಾಸ್ತಿ. ನನ್ನ ಅಕ್ಕನನ್ನೇ ನೋಡಿ. ಅವಳ ಮಗಳು ಪದ್ಮಳನ್ನು ನಾನು ಮದುವೆಯಾದದ್ದರಿಂದ ಅವಳು ನನಗೆ ಅತ್ತೆಯೂ ಹೌದು. ನಮ್ಮ ಮಗಳು ರೇಖಾಳನ್ನು ಅಕ್ಕನ ಮಗ ಮಂಜುವಿಗೇ ಕೊಟ್ಟದ್ದರಿಂದ ಬೀಗಿತ್ತಿಯೂ ಹೌದು. ಹಬ್ಬಕ್ಕೆ ಒಂದೇ ಸೀರೆ ಕೊಟ್ಟು ಮೂರು ಮರ್ಯಾದೆ ಮುಗಿಸುತ್ತೇನೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾಂಧಿ ಬಜಾರಿನಲ್ಲಿ ಹೂವಿನಂಗಡಿ ಕಟ್ಟಿ ಬೆಳೆಸಿದವನು ನಾನು. ಈ ಮದುವೆಗಳ ಏರ್ಪಾಟಿನ ಬಗ್ಗೆಯೂ ಅಷ್ಟೇ ಹೆಮ್ಮೆಯಿತ್ತು. ರೇಖಾ ಬಸುರಿಯಾದಾಗ ಆಸ್ಪತ್ರೆಯ ಡಾಕ್ಟ್ರಮ್ಮ ಒಂದು ಹಾಳೆ ತೆಗೆದು ನಮ್ಮ ವಂಶವನ್ನೇ ಬರೆಯತೊಡಗಿದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಮದುವೆಗೆ ಗೆರೆ. ಸ್ವಲ್ಪ ಹೊತ್ತಿಗೆ ಪೆನ್ನು ಕೆಳಗಿಟ್ಟರು.

"ಅಂಕಲ್, ನಿಮ್ಮನೇಲಿ ಗೆರೆ ಹೊರಗೇ ಹೋಗಲ್ವಾ?"

"ಹೊರಗಿನವರಿಗೆ ನಾವು ಹೆಣ್ಣು ಕೊಡಲ್ಲ ಡಾಕ್ಟ್ರಮ್ಮ," ಎಂದೆ, ಎದೆಯುಬ್ಬಿಸಿ.

ಅವರು ನಗುತ್ತಲೇ ತಿಳಿಸಿ ಹೇಳಿದರು. ಒಂದೇ ರಕ್ತದವರಲ್ಲಿ ಒಂದೇ ದೋಷ ಸದ್ದಿಲ್ಲದೆ ಅಡಗಿರಬಹುದು. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಮಗುವಿನಲ್ಲಿ ಕಾಯಿಲೆಯಾಗಿ ಎದ್ದು ಬರಬಹುದು. ಈಗ ಜೀನ್ ಓದಿ ಅದನ್ನು ಹುಡುಕಬಹುದಂತೆ. ರೇಖಾ, ಮಂಜು ಇಬ್ಬರ ರಕ್ತವೂ ಲ್ಯಾಬಿಗೆ ಹೋಯಿತು. ನನ್ನ ಹೆಮ್ಮೆಯೂ ಜೊತೆಗೇ ಹೋಯಿತು.

ರಿಪೋರ್ಟ್ ಬರುವವರೆಗೆ ನಾನು ಕಟ್ಟಿದ ಹಾರ ಒಂದೂ ನೆಟ್ಟಗಿರಲಿಲ್ಲ. ಪದ್ಮ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಮಂಜುವನ್ನು ಆರಿಸಿದ್ದು ನಾನೇ ಅಲ್ಲವೇ? ಕೇಳಿದವರಿಗೆಲ್ಲ ಸಂಪ್ರದಾಯ ಎಂದಿದ್ದೆ. ನಿಜವೆಂದರೆ ಅಕ್ಕನ ಮನೆ ಎನ್.ಆರ್. ಕಾಲೋನಿಯಲ್ಲಿ, ಮಗಳನ್ನು ನೋಡಬೇಕೆನಿಸಿದರೆ ಚಪ್ಪಲಿ ಮೆಟ್ಟಿದರೆ ಸಾಕು.

ಒಂದು ದಿನ ರೇಖಾ ಅಂಗಡಿಗೆ ಬಂದು ಪಕ್ಕದಲ್ಲಿ ಕೂತಳು. "ಅಪ್ಪಾ, ನೀವು ಹೇಳಿದ್ರಿ ಅಂತ ಮದುವೆ ಆಗಿದ್ದಲ್ಲ. ಮಂಜು ಅಂದ್ರೆ ನಂಗೆ ಇಷ್ಟ ಇತ್ತು. ಸುಮ್ನೆ ಹೂವು ಹಾಳು ಮಾಡ್ಬೇಡಿ." ಸೇವಂತಿಗೆಗೆ ನೀರು ಚಿಮುಕಿಸುವ ನೆಪದಲ್ಲಿ ನನ್ನ ಮುಖಕ್ಕೂ ಚಿಮುಕಿಸಿಕೊಂಡೆ.

ಕೊನೆಗೆ ರಿಪೋರ್ಟ್ ಬಂತು. "ಹುಡುಕಿದ್ದರಲ್ಲಿ ಇಬ್ಬರಲ್ಲೂ ಇರೋ ದೋಷ ಯಾವುದೂ ಸಿಕ್ಕಿಲ್ಲ. ಟೆಸ್ಟಲ್ಲಿ ಎಲ್ಲಾನೂ ಗೊತ್ತಾಗಲ್ಲ, ಆದ್ರೂ ಧೈರ್ಯವಾಗಿರಿ," ಎಂದರು ಡಾಕ್ಟ್ರಮ್ಮ.

ಸೀಮಂತಕ್ಕೆ ಮಲ್ಲಿಗೆ ಜಡೆಯನ್ನು ನಾನೇ ಕಟ್ಟಿದೆ, ಪದ್ಮ ಬಿಚ್ಚಲಿಲ್ಲ. ಅಕ್ಕ ಸೊಸೆಯ ಕೆನ್ನೆ ಸವರಿ, ನನ್ನತ್ತ ತಿರುಗಿ, "ಹೆಣ್ಣಾದ್ರೆ ನಮ್ಮಲ್ಲೇ ಒಬ್ಬ ಹುಡುಗನ್ನ ನೋಡಿಡೋಣ ಕಣೋ," ಎಂದಳು.

"ಸುಮ್ನಿರಕ್ಕ! ಇನ್ಮೇಲೆ ಗೆರೆ ಹೊರಗೇ ಹೋಗ್ಬೇಕು," ಎಂದು ಚೌಕ, ಸೊನ್ನೆ, ಜೀನ್ ಎಲ್ಲ ಸೇರಿಸಿ ಭಾಷಣ ಬಿಗಿದೆ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಸರಿ ಬಿಡು. ಡೆಲ್ಲಿಗೆ ಕೊಡೋಣ."

ನನ್ನ ವಿಜ್ಞಾನ ಅಲ್ಲಿಗೇ ನಿಂತಿತು.

"ಹೊರಗೆ ಅಂದ್ರೆ," ಎಂದೆ, "ಇಲ್ಲೇ ಪಕ್ಕದ ಚಾಮರಾಜಪೇಟೆವರೆಗೆ ಹೋಗ್ಬಹುದು."