ಟವೆಲ್ಲಿನ ಕೆಳಗಿನ ಕೈ

ಕೆಲಗೇರಿಯ ಮನೆಯ ಪಡಸಾಲೆಯಲ್ಲಿ ಆವತ್ತು ನಾವು ನಾಲ್ವರಿದ್ದೆವು: ಕಾಕಾ, ಅವರ ಹೆಂಡತಿ ಕಾಕು, ವ್ಯಾಯಾಮ ಮಾಡಿಸಲು ಬರುವ ಫಿಜಿಯೋಥೆರಪಿಯ ಹುಡುಗಿ ಮತ್ತು ನಾನು. ಕಾಕಾನನ್ನು ಕೇಳಿದರೆ ಐವರು! ಲಕ್ವ ಹೊಡೆದ ಮೇಲೆ ತಮ್ಮ ಬಲಗೈಯನ್ನು ಅವರು ಬೇರೆಯೇ ಆಸಾಮಿಯೆಂದು ತಿಳಿದಿದ್ದರು. ಅದೂ ನಂಬಲಾಗದ ಆಸಾಮಿ.

ಕಾಕಾ ಯಾರನ್ನು ತಾನೇ ನಂಬಿದ್ದರು? ಆಯುಷ್ಯವಿಡೀ ಹತ್ತಿಯ ದಲಾಲಿ ಮಾಡಿದವರು. ದುರ್ಗದಬೈಲಿನ ಪೇಟೆಯಲ್ಲಿ ಮಾವಿನಹಣ್ಣು ಕೊಂಡರೆ ಪಕ್ಕದಂಗಡಿಯಲ್ಲಿ ಮತ್ತೆ ತೂಗಿಸುವರು. ತೂಕ ಸರಿಹೊಂದಿತೋ, "ಇಬ್ಬರೂ ಕೂಡ್ಯಾರ" ಎನ್ನುವರು.

ಇಂಥವರಿಗೆ ಹುಡುಗಿ ಸ್ನಾಯುವಿನ ಪಾಠ ಹೇಳಿದಳು. ಸ್ನಾಯುವಿಗೆ ಎಳೆಯಲು ಬರುತ್ತದೆ, ನೂಕಲು ಬಾರದು. ಅದಕ್ಕೇ ಅವು ಜೋಡಿ. ತೋಳು ಮಡಚಲು ಮುಂದಿನದು ಎಳೆದರೆ ಹಿಂದಿನದು ಸಡಿಲಬೇಕು. ಚಾಚುವಾಗ ಅದರ ತಿರುಗುಮುರುಗು.

"ತಂಗಿ, ಒಬ್ಬ ಜಗ್ಗಿದ್ರ ಇನ್ನೊಬ್ಬ ಸುಮ್ನ ಬಿಡೋ ಪಾಲುದಾರರನ್ನ ನಾ ಪ್ಯಾಟ್ಯಾಗ ಕಂಡಿಲ್ಲ. ನನ್ನ ತೋಳಾಗ ಎಲ್ಲಿಂದ ಬಂದ್ರು?"

ತನಿಖೆಗೆ ಸಿಕ್ಕವನು ನಾನು. ತಂಬಿಗೆ ಎತ್ತಿಸಿ, ಎಡಗೈಯಿಂದ ನನ್ನ ತೋಳನ್ನು ಹಿಂದೆ ಮುಂದೆ ಹಿಚುಕಿದರು. ಹಿಂದಿನವನು ನಿಜಕ್ಕೂ ಬಿಟ್ಟಿದ್ದ! ಕಾಕಾ ಒಪ್ಪಿದರೇ? "ಇದು ನಿಂದು. ನಿನ್ನ ತೋಳೂ ನಿನ್ನಂಗ ಭೋಳೆ, ಯಾರನ್ನೂ ನಂಬತೈತಿ."

ಸ್ನಾಯು ಸರಿಯಾಗಿಯೇ ಇವೆ, ಮೆದುಳಿನ ಅಪ್ಪಣೆ ಅಲ್ಲಿಗೆ ಮುಟ್ಟುತ್ತಿಲ್ಲ ಎಂದಳು ಹುಡುಗಿ. ಹಾಗಾದರೆ ನಡುವೆ ಯಾರೋ ದಲಾಲನಿದ್ದಾನೆ, ಆ ಕಸುಬು ತಮಗೆ ಗೊತ್ತಿಲ್ಲವೇ ಎಂದರು ಕಾಕಾ.

ಪ್ರತಿ ಸಲ ವ್ಯಾಯಾಮದ ಕೊನೆಗೆ ಅವಳು ತನ್ನ ಬೆರಳನ್ನು ಅವರ ಬಲ ಅಂಗೈಯಲ್ಲಿಟ್ಟು ಹಿಡಿಯಿರಿ ಎನ್ನುವಳು. ಕಾಕಾ ತಟ್ಟನೆ ಅದರ ಮೇಲೆ ಟವೆಲ್ಲು ಹೊದಿಸುವರು! ಹತ್ತಿಯ ಪೇಟೆಯಲ್ಲಿ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಸುತ್ತಲಿನವರಿಗೆ ಕಾಣದಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತಿದ್ದರು.

"ಮುಚ್ಚಿದ್ರ ನನಗ ಹ್ಯಾಂಗ ಕಾಣಬೇಕ್ರಿ, ಕಾಕಾರ?"

"ಕಾಣೂದು ಬ್ಯಾಡ. ಕೈಗೆ ತಿಳೀತೈತಿ."

ದಿನವೂ ಟವೆಲ್ಲು, ದಿನವೂ ಹಿಡಿತ ಬಂದಿಲ್ಲವೆಂದು ಹುಡುಗಿಯ ಮೆಲ್ಲನೆಯ ತಲೆಯಾಡಿಕೆ. ಎಲ್ಲದರ ಮೇಲೂ ಸಂಶಯ ಆಡಿ ತೋರಿಸುತ್ತಿದ್ದ ಕಾಕಾ, ಆ ಕೈ ಮರಳಿ ಬಂದೀತೇ ಎಂಬ ಒಂದೇ ಸಂಶಯವನ್ನು ಮಾತ್ರ ಬಾಯಿಬಿಟ್ಟು ಆಡಲಿಲ್ಲ.

ಒಂದು ಭಾನುವಾರ ಹುಡುಗಿಗೆ ರಜೆ. ಟವೆಲ್ಲಿನ ಕೆಳಗೆ ಕಾಕು ಬೆರಳಿಟ್ಟು ಕೂತಿದ್ದಳು. ಒಲೆಯ ಮೇಲಿನ ಹಾಲು ನೋಡು ಎಂದು ನನಗೆ ಹೇಳುತ್ತಿದ್ದವಳು ನಡುವೆಯೇ ಟವೆಲ್ಲಿನತ್ತ ತಿರುಗಿದಳು. ಕಾಕಾ ಅವಳ ಮುಖವನ್ನೇ ದಿಟ್ಟಿಸಿದರು, ಅದೇ ತಕ್ಕಡಿ ನೋಡುವ ಕಣ್ಣು.

"ಖರೇ ಹೇಳು. ನೀ ಹಿಡದಿಯೋ, ನಾ ಹಿಡದೇನೋ?"

"ನಾ ಯಾಕ ಹಿಡೀಲಿ? ಬಿಡ್ರಿ, ಹಾಲು ಉಕ್ಕತೈತಿ."

ಬಿಡಲು ಇನ್ನೂ ಬರುತ್ತಿರಲಿಲ್ಲವೋ, ಮನಸ್ಸಿರಲಿಲ್ಲವೋ, ಕಾಕಾ ಬಿಡಲಿಲ್ಲ. ಕಾಕುವೂ ಎಳೆದುಕೊಳ್ಳಲಿಲ್ಲ. ಹಾಲು ಉಕ್ಕಿತು. ಗ್ಯಾಸು ಆರಿಸಲು ನಾನೇ ಎದ್ದು ಹೋದೆ.